ತಾಳೆ ನೋಡದ ಲೆಕ್ಕ

ಲಾರಿ ತೂಗುವ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಇಪ್ಪತ್ತೆರಡು ವರ್ಷ ಕಳೆದವನಿಗೆ ಒಂದು ಕೇಬಲ್ಲೂ ಇವತ್ತಿನವರೆಗೆ ಎದುರು ನಿಂತಿರಲಿಲ್ಲ. ವೇಬ್ರಿಡ್ಜಿನ ಮೇಲೆ ಲಾರಿ ಹತ್ತುತ್ತದೆ, ಯಂತ್ರವು ತೂಕವನ್ನು ಸೀರಿಯಲ್ ಕೇಬಲ್ಲಿನ ಮೂಲಕ ಕೋಣೆಯೊಳಗಿನ ಕಂಪ್ಯೂಟರಿಗೆ ಹೇಳುತ್ತದೆ, ಹೇಳದೆ ಹಟ ಹಿಡಿದ ದಿನ ಇವನಿಗೆ ಫೋನು ಬರುತ್ತದೆ. ಇವನು ಹೋಗಿ ಎರಡು ತಂತಿ ಎಳೆದು, ಒಂದು ಬೈದು, ಮಾತಾಡಿಸಿ ಬರುತ್ತಾನೆ. ಹಾಗಾಗಿ ಆಸ್ಪತ್ರೆಯ ಧ್ವನಿ ಲ್ಯಾಬಿನಿಂದ, ಹಳೆಯ ಯೂನಿಕ್ಸ್ ಕಂಪ್ಯೂಟರ್ ಯಾರ ಮಾತೂ ಕೇಳುತ್ತಿಲ್ಲ, ಅದರೊಳಗೆ ನಿಮ್ಮ ಅಕ್ಕನ ದನಿ ಸಿಕ್ಕಿಹಾಕಿಕೊಂಡಿದೆ ಎಂಬ ಸುದ್ದಿ ಬಂದಾಗ ಅವನು ಹೆದರಲಿಲ್ಲ.

"ಅದೇನು ಮಹಾ, ಅಕ್ಕ. ಹೂವೆತ್ತಿದ ಹಾಗೆ ಎತ್ಕೊಂಡು ಬರ್ತೀನಿ" ಎಂದ.

ಅಕ್ಕ ಸ್ಲೇಟಿನ ಮೇಲೆ ಬರೆದು ತೋರಿಸಿದಳು: 'ಜಂಬ ಆಮೇಲೆ. ನಾನೂ ಬರ್ತೀನಿ.'

ಸ್ಲೇಟು ಯಾಕೆ ಎಂದರೆ, ಅಕ್ಕನಿಗೆ ದನಿ ಇಲ್ಲ. ಹನ್ನೊಂದು ತಿಂಗಳ ಹಿಂದೆ ಗಂಟಲಲ್ಲಿ ಗಡ್ಡೆ ಕಂಡಿತು, ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮೂವತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು. ಗೇಟಿನ ಹತ್ತಿರ ನಿಂತು ಒಂದು ಕೂಗು ಹಾಕಿದರೆ ಹಿಂದಿನ ಬೆಂಚಿನ ಹುಡುಗರ ಕೈಯಿಂದ ಪೆನ್ಸಿಲ್ ಬೀಳುತ್ತಿತ್ತು. 'ಬಾಯಿದ್ದವನು ಬರಗಾಲದಲ್ಲೂ ಬದುಕಿದ' ಎಂದು ತನ್ನನ್ನೇ ತೋರಿಸಿಕೊಂಡು ನಗುತ್ತಿದ್ದಳು. ಅಂಥವಳ ಬಾಯಿಯೇ ಹೋಯಿತು. ಫೋನಿನಲ್ಲಿ ಟೈಪ್ ಮಾಡು ಎಂದರೆ ಕೇಳಲಿಲ್ಲ. ಟೀಚರಿಗೆ ಸ್ಲೇಟೇ ಸರಿ ಎಂದು ಬಳಪ ಹಿಡಿದು ಕೂತಳು. ದೂರದಲ್ಲಿರುವ ಮಗಳು ಪುಟ್ಟಿ ದಿನಾ ಮಧ್ಯಾಹ್ನ ಎರಡಕ್ಕೆ ಫೋನ್ ಮಾಡುತ್ತಾಳೆ, ತಾನೊಬ್ಬಳೇ ಮಾತಾಡುತ್ತಾಳೆ. ಅಕ್ಕ ಫೋನಿನ ಬೆನ್ನ ಮೇಲೆ ಬಳಪದಿಂದ ತಟ್ಟುತ್ತಾಳೆ. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ತಾಯಿ ಮಗಳ ಮಾತುಕತೆ ಈಗ ಇಷ್ಟೇ.

ಆದರೆ ಆಪರೇಷನ್‌ಗೆ ಮೊದಲು ಲ್ಯಾಬಿನ ಮೇಡಂ ಒಂದು ಪುಣ್ಯದ ಕೆಲಸ ಮಾಡಿದ್ದರು. ಅಕ್ಕನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಇನ್ನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿದ್ದರು. ಆ ದನಿಯನ್ನು ತುಂಡು ಮಾಡಿ ಜೋಡಿಸಿ, ಅಂಗೈಯಗಲದ ಒಂದು ಮಾತಿನ ಯಂತ್ರಕ್ಕೆ ತುಂಬುತ್ತಾರೆ; ಆ ಯಂತ್ರ ಕೈಗೆ ಬಂದದ್ದೇ ಈಗ. ಅಕ್ಕ ಬರೆದದ್ದನ್ನು ಅದು ಅಕ್ಕನ ದನಿಯಲ್ಲೇ ಹೇಳುತ್ತದೆ. ಆ ಇನ್ನೂರು ವಾಕ್ಯ ಇಲ್ಲದಿದ್ದರೆ ಯಂತ್ರದ ಜೊತೆ ಅಂಗಡಿಯಿಂದಲೇ ಬರುವ ಯಾರೋ ಒಬ್ಬಳ ದನಿ, ಎಲ್ಲರಿಗೂ ಒಂದೇ. ಇನ್ನೂರು ಮುಗಿದ ಮೇಲೆ ಮೇಡಂ, "ಹತ್ತು ನಿಮ್ಮ ಸ್ವಂತದ್ದು ಹೇಳಿ" ಎಂದಿದ್ದರು. ಇನ್ನೂರ ಎರಡನೆಯದು ಮಗಳಿಗೆ: 'ಪುಟ್ಟಿ, ಅಳಬೇಡ್ವೇ, ನಾನಿದ್ದೀನಿ.' ಇನ್ನೂರ ಒಂದನೆಯದು ತಮ್ಮನಿಗೆ: 'ಏ ಗೂಬೆ, ಊಟ ಆಯ್ತೇನೋ?'

ಅವನನ್ನು ಗೂಬೆ ಎಂದು ಕರೆಯುವ ಹಕ್ಕು ಇದ್ದದ್ದು ಭೂಮಿಯ ಮೇಲೆ ಅವಳೊಬ್ಬಳಿಗೆ. ಹನ್ನೊಂದು ತಿಂಗಳಿಂದ ಅವನನ್ನು ಯಾರೂ ಹಾಗೆ ಕರೆದಿಲ್ಲ. ಬರೆದು ತೋರಿಸುತ್ತಾಳೆ, ನಿಜ. ಬರೆದ ಬೈಗುಳ ಬೈಗುಳವೇ ಅಲ್ಲ ಎಂದು ಅವನಿಗೆ ಈಗ ಗೊತ್ತಾಗಿದೆ.

ಅವರಿಬ್ಬರೂ ಲ್ಯಾಬಿಗೆ ಬಂದಾಗ ಒಂಬತ್ತೂವರೆ. ಗೋಡೆಗೆಲ್ಲ ಸ್ಪಂಜು ಬಡಿದ ಸಣ್ಣ ಕೋಣೆ. ಒಂದು ಕಡೆ ಗಾಜಿನ ಗೂಡು, ಒಳಗೆ ಒಂದು ಕುರ್ಚಿ, ಮೈಕು. ಮೇಜಿನ ಕೆಳಗೆ ಹಳೆಯ ಕಂಪ್ಯೂಟರ್, ಅದರ ಸ್ವಿಚ್ಚಿನ ಮೇಲೆ ಟೇಪು ಹಚ್ಚಿದ ಚೀಟಿ: 'ಆರಿಸಬಾರದು.' ಅದರ ಪರದೆ ಸತ್ತು ವರ್ಷವಾಗಿತ್ತು, ನೆಟ್‌ವರ್ಕ್ ಕಾರ್ಡು ಸಿಡಿಲಿಗೆ ಸುಟ್ಟಿತ್ತು. ಉಳಿದದ್ದು ಬೆನ್ನಿನಲ್ಲಿ ಒಂದು ಸೀರಿಯಲ್ ಪೋರ್ಟು, ಒಂಬತ್ತು ಪಿನ್ನಿನದು. ಒಳಗೆ ಡಿಸ್ಕು ನಿಮಿಷಕ್ಕೊಂದು ಸಲ ಕಟಕ್ ಎನ್ನುತ್ತಿತ್ತು.

"ಹೋದ ವಾರದಿಂದ ಈ ಶಬ್ದ" ಎಂದರು ಮೇಡಂ. ತಪ್ಪು ಮಾಡಿದ ಮುಖ ಅವರದು. "ನಾಳೆ ತೆಗೆದಿಡೋಣ, ನಾಳೆ ತೆಗೆದಿಡೋಣ ಅಂತಲೇ ಹೋಯ್ತು. ರೆಕಾರ್ಡ್ ಮಾಡೋ ಪೆಟ್ಟಿಗೆ ಇದೊಂದಕ್ಕೇ ಹೊಂದ್ಕೊಳ್ಳೋದು, ಅದಕ್ಕೆ ಇಷ್ಟು ವರ್ಷ ಇಟ್ಕೊಂಡ್ವಿ."

"ನಾಳೆ ಅಂದವನ ಮನೆ ಹಾಳು ಅಂತಾರೆ ಮೇಡಂ. ಇರ್ಲಿ ಬಿಡಿ, ಇವತ್ತು ನಾನಿದ್ದೀನಲ್ಲ" ಎಂದು ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅಕ್ಕ ಅವನ ಬೆನ್ನ ಹಿಂದೆ, ಗಾಜಿನ ಗೂಡಿಗೆ ಒರಗಿದ ಕುರ್ಚಿಯಲ್ಲಿ ಕೂತಳು.

ಅವನ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸು. ಹಳೆಯ ಯೂನಿಕ್ಸಿನ ಮೊಮ್ಮಗ ಎನ್ನಿ. ಅಜ್ಜ ಮೊಮ್ಮಗ ಮಾತಾಡಿಕೊಳ್ಳುವುದಕ್ಕೆ ಅಡ್ಡಿ ಇರಬಾರದು. ಕೇಬಲ್ ಸಿಕ್ಕಿಸಿದ. ಎಂಟರ್ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಪರದೆ ಕಪ್ಪಗೆ ಕೂತಿತ್ತು. ಚೀಲದಿಂದ ದೀಪದ ಡಬ್ಬಿ ತೆಗೆದ. ಕೇಬಲ್ಲಿನ ನಡುವೆ ಸಿಕ್ಕಿಸಿದರೆ ಯಾವ ತಂತಿಯಲ್ಲಿ ಜೀವ ಇದೆ ಎಂದು ತೋರಿಸುವ ಸಾಧನ ಅದು. ನೋಡಿದರೆ ಎರಡು ಕಂಪ್ಯೂಟರುಗಳೂ ಒಂದೇ ತಂತಿಯಲ್ಲಿ ಮಾತಾಡುತ್ತಿವೆ, ಇನ್ನೊಂದು ತಂತಿಗೆ ಇಬ್ಬರೂ ಕಿವಿ ಕೊಟ್ಟು ಕೂತಿದ್ದಾರೆ.

"ಬಾಯಿಗೆ ಬಾಯಿ ಕಟ್ಟಿದ್ದೀನಿ, ಕರ್ಮ" ಎಂದುಕೊಂಡು ಎರಡನೆಯ ತಂತಿಯನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ತಿರುಗಿಸಿದ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಬಂತು. ಆದರೂ ಮೌನ. 'ನಾನು ಸಿದ್ಧ, ಕಳಿಸು' ಎಂದು ಹೇಳುವ ಬೇರೆ ತಂತಿಗಳಿವೆ, ಅವು ತೇಲಾಡುತ್ತಿದ್ದವು. ಅವನ್ನೂ ಅಡ್ಡಡ್ಡ ಕಟ್ಟಿದ. ಇಷ್ಟು ಹೊತ್ತಿಗೆ ಹತ್ತೂವರೆ. ಡಿಸ್ಕು ಈಗ ನಿಮಿಷಕ್ಕೆ ಮೂರು ಸಲ ಕಟಕ್ ಎನ್ನುತ್ತಿತ್ತು. ಲಾರಿ ಕಾಯಬಲ್ಲದು. ಇದು ಕಾಯುವಂಥದ್ದಲ್ಲ.

ವೇಗ ಬದಲಾಯಿಸಿದ. ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್‌ಗೆ ಬಂದಾಗ ಪರದೆಯ ಮೇಲೆ ಏನೋ ಚೆಲ್ಲಿತು. ಅರ್ಧ ಇಂಗ್ಲಿಷ್ ಅಕ್ಷರ, ಅರ್ಧ ಕಸ. ಒಂದಕ್ಷರ ಸರಿ, ಪಕ್ಕದ್ದು ದೆವ್ವದ ಬರಹ. ಮೇಡಂ ಹಣೆ ಒತ್ತಿಕೊಂಡರು. ಇವನ ಮುಖ ಮಾತ್ರ ಅರಳಿತು.

"ಓಹೋ, ನಮ್ಮವನೇ ಇವನು" ಎಂದ.

ಒಂದು ಅಕ್ಷರವನ್ನು ಎಂಟು ಬಿಟ್‌ಗಳಲ್ಲಿ, ಎಂದರೆ ಎಂಟು ಸೊನ್ನೆ-ಒಂದುಗಳಲ್ಲಿ, ಕಳಿಸುವುದುಂಟು, ಏಳರಲ್ಲಿ ಕಳಿಸುವುದೂ ಉಂಟು. ಏಳರಲ್ಲಿ ಕಳಿಸುವವರು ಎಂಟನೆಯದರ ಜಾಗದಲ್ಲಿ ತಪ್ಪು ಕಾಯಲು ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತಾರೆ. ತೂಕದ ಯಂತ್ರಗಳಲ್ಲಿ ಬಹಳಷ್ಟು ಹೀಗೇ. ಅಂಕಿಗೆ, ಇಂಗ್ಲಿಷ್ ಅಕ್ಷರಕ್ಕೆ ಏಳು ಧಾರಾಳವಾಯಿತು. ಇಪ್ಪತ್ತೆರಡು ವರ್ಷ ಅವನ ಹೊಟ್ಟೆ ಹೊರೆದದ್ದು ಈ ಏಳೇ. ಎಂಟನೆಯದರ ಮುಖವನ್ನು ಅವನು ಕಂಡದ್ದು ಕಡಿಮೆ. ಲ್ಯಾಪ್‌ಟಾಪನ್ನೂ ಏಳಕ್ಕೆ ಇಳಿಸಿ ಎಂಟರ್ ಒತ್ತಿದ. ತೊಳೆದಿಟ್ಟ ಹಾಗೆ, ಒಂದಕ್ಷರ ಕಸವಿಲ್ಲದೆ, ಹೆಸರೇನು ಎಂದು ಹಳೆಯ ಯಂತ್ರ ಕೇಳಿತು.

ಅಕ್ಕ ಚಪ್ಪಾಳೆ ತಟ್ಟಿದಳು. ಮೇಡಂ ಪಾಸ್‌ವರ್ಡ್ ಹೇಳಿದರು. ಒಳಗೆ ಹೋಗಿ ಪಟ್ಟಿ ನೋಡಿದ: ಒಂದರಿಂದ ಇನ್ನೂರ ಹತ್ತರವರೆಗೆ ಫೈಲುಗಳು ಸಾಲಾಗಿ ನಿಂತಿದ್ದವು. ಅವನ ಕಣ್ಣು ಸೀದಾ ಇನ್ನೂರ ಒಂದಕ್ಕೆ ಹೋಯಿತು.

ಈಗ ಕಳಿಸುವ ಕೆಲಸ. ಇನ್ನೂರ ಹತ್ತನ್ನೂ ಸೇರಿಸಿ ಒಂದೇ ಮೂಟೆ ಕಟ್ಟಿದ. ಇಂಥ ಮೂಟೆಯನ್ನು ಸಾದಾ ಅಕ್ಷರಗಳ ಬಟ್ಟೆ ಸುತ್ತಿ ಕಳಿಸುವ ಕ್ರಮ ಒಂದಿದೆ. ಬಂದ ಮೇಲೆ ಬಿಚ್ಚಿಕೊಳ್ಳಬೇಕು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸುತ್ತಿದರೆ ಮೂಟೆ ಮೂರನೇ ಒಂದು ಪಾಲು ದಪ್ಪವಾಗುತ್ತದೆ. ಸುತ್ತದೆ ಕಳಿಸಿದರೆ ಎರಡು ಗಂಟೆ, ಸುತ್ತಿದರೆ ಎರಡೂ ಮುಕ್ಕಾಲು. ಡಿಸ್ಕು ಕಟಕ್ ಕಟಕ್ ಎಂದು ಎರಡು ಸಲ ಒಟ್ಟಿಗೆ ಅಂದಿತು. ಲೈನು ಕನ್ನಡಿಯ ಹಾಗಿದೆ, ಬಟ್ಟೆ ಯಾಕೆ, ಎಂದುಕೊಂಡ. ಇದ್ದದ್ದನ್ನು ಇದ್ದ ಹಾಗೆ ಕಳಿಸು, ನಡುವೆ ನಿನ್ನದೇನೂ ಸೇರಿಸಬೇಡ ಎಂದು ಹಳೆಯದಕ್ಕೆ ಆಜ್ಞೆ ಬರೆದ. ದನಿಯ ಫೈಲಿಗೆ ಎಂಟೂ ಬೇಕು, ಏಳನ್ನು ಎಂಟು ಮಾಡಲಿಲ್ಲ. ನೆನಪಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ.

ಬೆರಳು ಎಂಟರಿನ ಮೇಲಿತ್ತು. ಹಿಂದಿನಿಂದ ಟಕ್ ಟಕ್ ಎಂದು ಸ್ಲೇಟಿನ ಚೌಕಟ್ಟಿನ ಮೇಲೆ ಬಳಪ ಬಡಿಯುವ ಶಬ್ದ. ಅಕ್ಕ ಏನೋ ಬರೆದಿದ್ದಾಳೆ.

ಅವನು ತಿರುಗಲಿಲ್ಲ. ಎಡಗೈ ಎತ್ತಿದ. "ತಡಿ ಅಕ್ಕ, ಈಗ ಮಾತಾಡಿಸ್ಬೇಡ."

ಇನ್ನೊಂದು ಸಲ ಟಕ್ ಟಕ್.

"ಅಕ್ಕ, ಒಂದ್ನಿಮಿಷ ಅಂದ್ನಲ್ಲ. ಡಿಸ್ಕ್ ಹೋಗ್ತಿದೆ."

ಬಡಿತ ನಿಂತಿತು. ಅವನು ಎಂಟರ್ ಒತ್ತಿದ.

ಕೆಂಪು ದೀಪ ಮಿಣಮಿಣ ಎನ್ನತೊಡಗಿತು. ಹಿಂದು ಮುಂದಿನ ಗುರುತೂ ಸೇರಿ ಅಕ್ಷರಕ್ಕೆ ಹತ್ತು ಬಿಟ್, ಸೆಕೆಂಡಿಗೆ ಒಂಬೈನೂರ ಅರವತ್ತು ಅಕ್ಷರ. ಅಕ್ಕ ನಾಲ್ಕು ಸೆಕೆಂಡಿನಲ್ಲಿ ಆಡಿದ ಮಾತು ಆ ತಂತಿಯನ್ನು ದಾಟಿ ಬರಲು ಅರ್ಧ ನಿಮಿಷಕ್ಕೂ ಮೇಲೆ ಬೇಕು. ವೇಗ ಹೆಚ್ಚಿಸಿದರೆ ಅಜ್ಜ ಅಕ್ಷರ ನುಂಗುತ್ತಾನೆ, ಇಷ್ಟರಲ್ಲೇ ನಡೆಸಬೇಕು. ಇನ್ನು ಯಾರ ಕೈಯಲ್ಲೂ ಏನೂ ಇರಲಿಲ್ಲ. ಮೂವರೂ ಕೂತು ಕಾದರು. ಮೇಡಂ ಟೀ ತರಿಸಿದರು. ಅವನದು ಆರಿ ಕೆನೆ ಕಟ್ಟಿತು. ಡಿಸ್ಕಿನ ಶಬ್ದ ಮೊದಲು ನಿಮಿಷಕ್ಕೆ ಐದು, ಆಮೇಲೆ ಎಂಟು, ಆಮೇಲೆ ಎಣಿಸುವುದನ್ನೇ ಬಿಟ್ಟ. ಒಮ್ಮೆ ದೀಪ ಪೂರಾ ನಿಂತಿತು. ಹತ್ತು ಸೆಕೆಂಡು, ಹದಿನೈದು. ಅವನು ಮೇಜಿನ ಕಾಲನ್ನು ಹಿಡಿದುಕೊಂಡಿದ್ದ. ಯಾವ ದೇವರಿಗೂ ಹೊತ್ತಿಗೆ ಸರಿಯಾಗಿ ಕೈ ಮುಗಿಯದವನು, 'ಇದೊಂದು ಸಲ' ಎಂದು ಮನಸ್ಸಿನಲ್ಲಿ ಅಂದುಕೊಂಡ. ದೀಪ ಮತ್ತೆ ಮಿನುಗಿತು.

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಆ ಕಡೆಯ ಗಾತ್ರ, ಈ ಕಡೆಯ ಗಾತ್ರ ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ತಂದ. ಏಳು ಅಂಕಿಯ ಸಂಖ್ಯೆ, ಕೊನೆಯ ಅಂಕಿಯವರೆಗೂ ಒಂದೇ. ಮೂಟೆ ಬಿಚ್ಚಿದರೆ ಇನ್ನೂರ ಹತ್ತು ಫೈಲೂ ಹೆಸರು ಸಮೇತ ಬಂದು ಕೂತಿದ್ದವು. ವೇಬ್ರಿಡ್ಜಿನಲ್ಲಿ ಇಷ್ಟಾದರೆ ಕೆಲಸ ಮುಗಿದ ಹಾಗೆ, ಚೀಲ ಮುಚ್ಚಿ ಹೊರಡುವುದೇ.

"ಬಂತು ಅಕ್ಕ" ಎಂದ. "ಒಂದು ಸಾಸಿವೆಯಷ್ಟೂ ಹೋಗಿಲ್ಲ ನೋಡು."

ಅಕ್ಕ ಅವನ ತಲೆಯ ಮೇಲೆ ಮೊಟಕಿದಳು, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆ. ಅವಳ ಕಣ್ಣಲ್ಲಿ ನೀರಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ಹೊತ್ತಿಗೆ ಮೇಜಿನ ಕೆಳಗೆ ಕರ್ ಎಂದು ಉದ್ದಕ್ಕೆ ಒಂದು ಶಬ್ದವಾಗಿ, ಡಿಸ್ಕು ನಿಂತುಹೋಯಿತು. ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು.

"ಪಾಪ, ಋಣ ತೀರಿಸಿ ಕಣ್ಮುಚ್ತು" ಎಂದು ಅವನು ನಕ್ಕ. ಆ ನಗುವನ್ನು ಅವನು ಸಾಯುವತನಕ ಮರೆಯಲಾರ.

"ಇನ್ನೂರ ಒಂದು ಹಾಕ್ತೀನಿ ಮೊದ್ಲು. ನಂದು."

ಹಾಕಿದ. ಸ್ಪೀಕರಿನಿಂದ ತಗಡಿನ ಡಬ್ಬಿಯೊಳಗೆ ಜೀರುಂಡೆ ಬಿಟ್ಟಂಥ ಗರಗರ ಸದ್ದು ಬಂತು. ಸದ್ದಿನೊಳಗೆ ಮಾತಿತ್ತು. ಏ ಗೂಬೆ. ಊಟ ಆಯ್ತೇನೋ. ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. 'ಗೂಬೆ' ಆದ ಮೇಲೆ ಅವಳು ನಗು ತಡೆದುಕೊಂಡ ಆ ಚೂರು ಬಿಡುವು ಕೂಡ ಅಲ್ಲೇ ಇತ್ತು. ಆದರೆ ಹೇಳುತ್ತಿದ್ದದ್ದು ಅಕ್ಕ ಅಲ್ಲ. ಹೆಂಗಸೂ ಅಲ್ಲ, ಗಂಡಸೂ ಅಲ್ಲ. ಮನುಷ್ಯರೇ ಅಲ್ಲ.

"ಸ್ಪೀಕರ್ ಇರ್ಬೇಕು" ಎಂದರು ಮೇಡಂ, ಮೆಲ್ಲಗೆ.

ಇಯರ್‌ಫೋನ್ ಹಾಕಿ ಕೇಳಿದ. ಒಂದನೆಯದು ಕೇಳಿದ, ನೂರನೆಯದು ಕೇಳಿದ, ಇನ್ನೂರ ಎರಡನೆಯದು ಕೇಳಿದ. ಪುಟ್ಟಿ, ಅಳಬೇಡ್ವೇ, ಎಂದು ತಗಡು ಹೇಳಿತು. ಫೈಲು ಬಿಚ್ಚಿ ಒಳಗಿನ ಅಂಕಿಗಳನ್ನು ಪರದೆಯ ಮೇಲೆ ಸುರಿದುಕೊಂಡು ನೋಡಿದ. ಸಾಲು ಸಾಲು ಅಂಕಿಗಳು, ಒಂದೂ ನೂರ ಇಪ್ಪತ್ತೇಳನ್ನು ದಾಟಿರಲಿಲ್ಲ; ಏಳು ಬಿಟ್‌ಗಳಲ್ಲಿ ಹಿಡಿಸುವುದೇ ಅಷ್ಟು. ಪೋರ್ಟಿನ ಸೆಟ್ಟಿಂಗ್ ತೆರೆದ. ಏಳು. ಎರಡೂ ಕಡೆ ಏಳು. ಬೆಳಗ್ಗೆ ಹತ್ತೂ ಮುಕ್ಕಾಲಿಗೆ ತಾನೇ ಖುಷಿಯಿಂದ ಬರೆದ ಏಳು. ಅಕ್ಕನ ದನಿಯ ಪ್ರತಿಯೊಂದು ಕಣದ ಎಂಟನೆಯ ಬಿಟ್ಟನ್ನು ಹಳೆಯ ಯಂತ್ರ ಬಾಗಿಲಲ್ಲೇ ಕಿತ್ತು, ಆ ಜಾಗದಲ್ಲಿ ಕಾವಲುಗಾರನನ್ನು ನಿಲ್ಲಿಸಿ, ಎಣಿಕೆ ತಪ್ಪದ ಹಾಗೆ ನಿಷ್ಠೆಯಿಂದ ಎರಡು ಗಂಟೆ ಕಳಿಸಿತ್ತು.

ಅವನು ಹಳೆಯ ಕಂಪ್ಯೂಟರಿನ ಮೇಲೆ ಬಿದ್ದ. 'ಆರಿಸಬಾರದು' ಚೀಟಿ ಕಿತ್ತು, ಆರಿಸಿ, ಹಾಕಿದ. ಕರ್. ಮತ್ತೆ ಹಾಕಿದ. ಕರ್. ಡಿಸ್ಕು ಬಿಚ್ಚುವ ಕೆಲಸದ ಗೆಳೆಯನೊಬ್ಬನಿಗೆ ಫೋನ್ ಹಚ್ಚಿದ. ಗೆಳೆಯ, "ಫೋನು ಅದರ ಹತ್ರ ಇಟ್ಟು ಒಂದ್ಸಲ ಆನ್ ಮಾಡು, ಕೇಳ್ತೀನಿ" ಎಂದ.

"ಒಳಗೆ ಸೂಜಿ ತಟ್ಟೆ ಕೆರೀತಿದೆ ಕಣಯ್ಯ. ಇನ್ನು ಆನ್ ಮಾಡ್ಬೇಡ. ಮಾಡ್ದಷ್ಟೂ ಪುಡಿ ಆಗುತ್ತೆ. ಎಷ್ಟು ಸಲ ಮಾಡ್ದೆ?"

"ಮೂರು."

"ನನ್ ಹತ್ರ ತಗೊಂಬಾ, ಬಿಚ್ಚಿ ನೋಡ್ತೀನಿ. ಆಸೆ ಮಾತ್ರ ಇಟ್ಕೋಬೇಡ."

ಬೇರೆ ಕಡೆ ನಕಲು ಇದೆಯೇ ಎಂದು ಮೇಡಂನ ಮುಖ ನೋಡಿದ. ಅವರು ಇಲ್ಲವೆಂದು ತಲೆಯಾಡಿಸಿದರು. ಟೇಪಿಗೆ ನಕಲು ಮಾಡುವ ಯಂತ್ರ ಎರಡು ವರ್ಷದ ಹಿಂದೆಯೇ ಗುಜರಿಗೆ ಹೋಗಿತ್ತು. ಅವರು ಕಪ್ಪುಗಳನ್ನು ಎತ್ತಿಕೊಂಡು ಹೊರಗೆ ಹೋದರು.

ಅಕ್ಕ ಕುರ್ಚಿಯಲ್ಲಿ ಹಾಗೇ ಕೂತಿದ್ದಳು. ಅವನು ನೆಲದ ಮೇಲೆ ಅವಳ ಕಾಲ ಹತ್ತಿರ ಕೂತ. ಹೇಗೆ ಹೇಳಲಿ ಎಂದು ಹುಡುಕುವ ಕಷ್ಟವಿರಲಿಲ್ಲ, ಇವಳು ಲೆಕ್ಕದ ಟೀಚರು.

"ಅಕ್ಕ, ದನಿ ಅಂದ್ರೆ ಅಂಕಿ. ಒಂದು ಸೆಕೆಂಡಿಗೆ ಎಂಟು ಸಾವಿರ. ಅಂಕಿ ಎಲ್ಲಾ ಬಂದಿದೆ. ಆದರೆ ಒಂದೊಂದರ ಮುಂದೂ ಪ್ಲಸ್ಸೋ ಮೈನಸ್ಸೋ ಇತ್ತು. ಅದು ಎಂಟನೆಯ ಬಿಟ್ಟಲ್ಲಿತ್ತು, ಬಂದಿಲ್ಲ. ಚಿಹ್ನೆ ಬಿಟ್ಬಿಟ್ಟೆ ಅಕ್ಕ."

ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಅವಳ ಮುಖದ ಮೇಲೆ ಕಂಡಿತು. ಆರನೇ ಕ್ಲಾಸಿನಲ್ಲಿ ಇವನಿಗೆ ಮನೆಯಲ್ಲಿ ಲೆಕ್ಕ ಕಲಿಸಿದವಳು ಅವಳೇ. ಇವನು ಪ್ರತಿ ಲೆಕ್ಕದಲ್ಲೂ ಮೈನಸ್ ನುಂಗುತ್ತಿದ್ದ, ಅವಳು ಸ್ಕೇಲಿನಿಂದ ಗೆಣ್ಣಿಗೆ ಕೊಡುತ್ತಿದ್ದಳು. 'ಚಿಹ್ನೆ ಬಿಟ್ಟೋನು ಲೆಕ್ಕ ಬಿಟ್ಟ, ತಾಳೆ ನೋಡದೋನು ತಲೆ ಬಿಟ್ಟ' ಎಂದು ಹಾಡಿನ ಹಾಗೆ ಹೇಳುತ್ತಿದ್ದಳು. ಮೂವತ್ತು ವರ್ಷ ಎಷ್ಟು ಮಕ್ಕಳಿಗೆ ಹೇಳಿದ್ದಳೋ.

"ಯಾವ ಚಿಹ್ನೆ ಎಲ್ಲಿತ್ತು ಅಂತ ಊಹೆ ಮಾಡಿ ಹಾಕ್ಬಹುದು" ಎಂದ. ಹೇಳುತ್ತಾ ಹೇಳುತ್ತಾ ತನಗೇ ನಂಬಿಕೆ ಬರಲಿಲ್ಲ. ಸೆಕೆಂಡಿಗೆ ಎಂಟು ಸಾವಿರ ಊಹೆ. ಊಹೆಯ ದನಿ ಯಾರ ದನಿ?

ಅಕ್ಕ ಬಗ್ಗಿ, ಕುರ್ಚಿಯ ಕಾಲಿಗೆ ಒರಗಿಸಿಟ್ಟಿದ್ದ ಸ್ಲೇಟನ್ನು ಎತ್ತಿಕೊಂಡಳು. ಏನೋ ಬರೆಯುತ್ತಾಳೆ ಎಂದು ಅವನು ಕಾದ. ಅವಳು ಬರೆಯಲಿಲ್ಲ. ಸ್ಲೇಟನ್ನು ಎದೆಗೆ ತಿರುಗಿಸಿ ಹಿಡಿದು, ತೋಳಿನಿಂದ ಅವಸರ ಅವಸರವಾಗಿ ಒರೆಸತೊಡಗಿದಳು. ಅವನು ಕೈ ಹಿಡಿದ.

"ಏನದು ಅಕ್ಕ? ತೋರ್ಸು."

ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಸ್ಲೇಟನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. ಮೊದಲ ಸಾಲು ಅರ್ಧ ಅಳಿಸಿತ್ತು, ಆದರೂ ಓದಲು ಬರುತ್ತಿತ್ತು. ಟೀಚರ ಅಕ್ಷರ, ದುಂಡಗೆ.

'ಮೊದಲು ಒಂದೇ ಒಂದು ಕಳಿಸಿ ಕೇಳೋ ಗೂಬೆ. ತಾಳೆ ನೋಡು.'

ಅವನಿಗೆ ಆ ಎರಡು ಟಕ್ ಟಕ್ ನೆನಪಾದವು. ತಾನು ಎತ್ತಿದ ಎಡಗೈ ನೆನಪಾಯಿತು. ಅವಳಿಗೆ ದನಿಯಿದ್ದಿದ್ದರೆ ಒಂದೇ ಒಂದು ಕೂಗಿಗೆ ಅವನ ಬೆರಳು ಎಂಟರಿನ ಮೇಲಿಂದ ಹಾರಿಬೀಳುತ್ತಿತ್ತು. ಅಳು ಬಂತು. ಅಡಗಿಸಲು ಹೋಗಲಿಲ್ಲ, ನಲವತ್ತಾರು ವರ್ಷದ ಗಂಡಸು ಅಕ್ಕನ ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಅವಳೂ ಅಳುತ್ತಿದ್ದಳು, ಅವಳ ಅಳುವಿಗೂ ಸದ್ದಿರಲಿಲ್ಲ.

ಎರಡು ಗಂಟೆಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ಅಕ್ಕ ಕಣ್ಣೊರೆಸಿಕೊಂಡು ಎತ್ತಿ, ಸ್ಪೀಕರಿಗೆ ಹಾಕಿದಳು.

"ಅಮ್ಮಾ, ಆಯ್ತಾ? ಬಂತಾ ನಿನ್ ದನಿ?" ಪುಟ್ಟಿಯ ಮಾತಿನಲ್ಲಿ ಉಸಿರೇ ಇರಲಿಲ್ಲ. "ಬೆಳಗ್ಗೆಯಿಂದ ಇದೇ ಧ್ಯಾನ ನಂಗೆ. ಬಂತಲ್ವಾ?"

ಅಕ್ಕ ಬಳಪ ಹಿಡಿದಳು. ಒಂದು ತಟ್ಟಿದಳು. ಆಮೇಲೆ ತಮ್ಮನ ಮುಖ ನೋಡಿ, ಎರಡನೆಯದನ್ನು ತಟ್ಟಲಾರದೆ ಕೈಯನ್ನು ಅಲ್ಲೇ ನಿಲ್ಲಿಸಿಬಿಟ್ಟಳು.

"ಬಂತಾ! ಅಯ್ಯೋ ಅಮ್ಮಾ... ಮಾಮ ಇದ್ದಾನಾ ಅಲ್ಲಿ? ಮಾಮ, ಒಂದು ಹಾಕೋ, ನಾನೂ ಕೇಳ್ತೀನಿ. ನಂಗೆ ಅಂತ ಹೇಳಿದ್ದು ಒಂದಿದ್ಯಲ್ಲ, ಅದು ಹಾಕು. ಮಾಮ? ಕೇಳಿಸ್ತಿದ್ಯಾ? ಯಾಕೆ ಮಾತಾಡ್ತಿಲ್ಲ?"

ಅವನು ಅಕ್ಕನ ಕೈಯಲ್ಲಿ ನಿಂತಿದ್ದ ಬಳಪ ನೋಡಿದ.

"ಮಾಮ, ದನಿ ಬಂತು ತಾನೇ?"

ಅವನು ಅಕ್ಕನ ಬೆರಳುಗಳಿಂದ ಬಳಪ ಬಿಡಿಸಿಕೊಂಡು, ಫೋನಿನ ಬೆನ್ನ ಮೇಲೆ ಎರಡು ಸಲ ತಟ್ಟಿದ.